ಸೋಲು ತಂದ ಸಭ್ಯತೆ

ಕ್ರಿಕೆಟ್ ಸಭ್ಯರ ಆಟ ಎಂಬ ಮಾತು ಹಳೆಯದು. ಆ ಮಾತನ್ನು ಉಳಿಸಲು ಟೆಸ್ಟ್ ಪಂದ್ಯವನ್ನೇ ಪಣಕ್ಕಿಟ್ಟವರು ಭದ್ರಾವತಿಯ ಜಿ.ಆರ್. ವಿಶ್ವನಾಥ್.

1980ರ ಫೆಬ್ರುವರಿ. ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟ್. ಭಾರತದ 242 ರನ್ನುಗಳಿಗೆ ಉತ್ತರವಾಗಿ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಆಗ ಬಾಬ್ ಟೇಲರ್, ಇಯಾನ್ ಬಾಥಮ್ ಜತೆಗೂಡಿದರು. ಕಪಿಲ್ ದೇವ್ ಎಸೆತದಲ್ಲಿ ಟೇಲರ್ ವಿಕೆಟ್ ಕೀಪರ್‌ಗೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ನಾಯಕ ವಿಶ್ವನಾಥ್, ಟೇಲರ್ ಅವರನ್ನು ಮತ್ತೆ ಆಡಲು ಕರೆದರು. ಈ ಜೋಡಿ 171 ರನ್ ಸೇರಿಸಿತು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿ ಆಡಿದ ಕೊನೆಯ ಟೆಸ್ಟ್ ಅದು.

ಮರುವರ್ಷವೇ ಇದಕ್ಕೆ ತದ್ವಿರುದ್ಧ ಘಟನೆ. 1981ರ ಫೆಬ್ರುವರಿ 1ರಂದು ಮೆಲ್ಬರ್ನ್‌ನಲ್ಲಿ ಪಂದ್ಯ ಸಮವಾಗಿಸಲು ನ್ಯೂಜಿಲೆಂಡ್‌ಗೆ ಕೊನೆಯ ಎಸೆತದಲ್ಲಿ ಸಿಕ್ಸರ್ ಬೇಕಿತ್ತು. ಆಸ್ಟ್ರೇಲಿಯಾ ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ನಿಂದ ಚೆಂಡನ್ನು ನೆಲದಲ್ಲೇ ಉರುಳಿಸಿದರು. ಅಂದಿನ ನಿಯಮ ಅದನ್ನು ತಡೆಯಲಿಲ್ಲ.

ಹಿಂದಿನವರೆಲ್ಲ ಸಭ್ಯರೇ ಆಗಿದ್ದರೆಂದಲ್ಲ. 1932–33ರ ಬಾಡಿಲೈನ್ ಸರಣಿಯೇ ಸಾಕ್ಷಿ. ಆದರೆ 2000ದ ಮೋಸದಾಟದ ಹಗರಣ, 2018ರಲ್ಲಿ ಕೇಪ್‌ಟೌನ್‌ನಲ್ಲಿ ಚೆಂಡು ಉಜ್ಜಿದ ಪ್ರಕರಣಗಳು ನಂಬಿಕೆಯನ್ನೇ ಅಲುಗಾಡಿಸಿದವು. 2000ದಲ್ಲಿ ಎಂಸಿಸಿ ‘ಕ್ರಿಕೆಟ್‌ನ ಚೇತನ’ವನ್ನು ನಿಯಮಗಳ ಪೀಠಿಕೆಗೇ ಸೇರಿಸಿತು. ನಡತೆಯಲ್ಲಿ ಇರಬೇಕಾದದ್ದನ್ನು ಪುಸ್ತಕದಲ್ಲಿ ಬರೆಯಬೇಕಾಯಿತು.

ಇಂದಾದರೆ ಟೇಲರ್ ಮರುಪರಿಶೀಲನೆ ಕೋರುತ್ತಿದ್ದರು, ಕ್ಯಾಮೆರಾ ತೀರ್ಪು ಕೊಡುತ್ತಿತ್ತು. ಅದು ಒಳ್ಳೆಯದೇ. ಆದರೆ ತಪ್ಪು ತೀರ್ಪಿನ ಲಾಭ ತನಗೆ ಬೇಡ ಎನ್ನುವ ಹೊಣೆ ಮಾತ್ರ ಆಟಗಾರನ ಹೆಗಲಿನಿಂದ ಇಳಿದುಹೋಗಿದೆ.