ಪಾನಕದ ಬಣ್ಣ

ಕಳೆದ ಬೇಸಗೆಯ ರಜೆಗೆಂದು ಮನೆಗೆ ಬಂದಿದ್ದ ನನ್ನ ಮೊಮ್ಮಗಳು ಒಂದು ಮಧ್ಯಾಹ್ನ ಅಡುಗೆಮನೆಯನ್ನು ಪೂರ್ಣವಾಗಿ ತನ್ನ ವಶಕ್ಕೆ ತೆಗೆದುಕೊಂಡಳು. ಒಂದು ಗಂಟೆಯ ತರುವಾಯ ಗಾಜಿನ ಲೋಟವೊಂದನ್ನು ತಂದು ನನ್ನ ಮುಂದಿಟ್ಟಳು. ತಳದಲ್ಲಿ ಅನಾನಸಿನ ಹಳದಿ. ಅದರ ಮೇಲೆ ನಿಂಬೆಯ ಶರಬತ್ತಿನ ತಿಳಿ. ಎಲ್ಲಕ್ಕಿಂತ ಮೇಲೆ ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿ ಇಳಿಸಿ ಆರಿಸಿದ ನೀಲಿ. ಸಕ್ಕರೆ ಹೆಚ್ಚಿದ ರಸ ಭಾರವಾಗಿ ಕೆಳಗೆ ನಿಲ್ಲುತ್ತದೆ, ಸಕ್ಕರೆಯಿಲ್ಲದ ನೀರು ಮೇಲೆ ತೇಲುತ್ತದೆ ಎಂಬಷ್ಟೇ ಇದರ ಗುಟ್ಟು. ಚಮಚೆಯಿಂದ ಒಮ್ಮೆ ಕದಡಿದೊಡನೆ ನಿಂಬೆಯ ಹುಳಿ ತಾಗಿ ಆ ನೀಲಿಯೆಲ್ಲ ನೇರಿಳೆಗೆ ತಿರುಗಿತು. "ಅಜ್ಜ, ಇಂಥದ್ದು ನಿಮ್ಮ ಕಾಲದಲ್ಲಿ ಇರಲಿಲ್ಲ, ಅಲ್ಲವೆ?" ಎಂದು ಕೇಳಿದಳು. ಇರಲಿಲ್ಲವೆಂದು ಒಪ್ಪಿಕೊಂಡೆ. ಆದರೆ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದರೂ ಅದರ ಚಟದಿಂದ ನಿವೃತ್ತಿಯಿಲ್ಲ. ಆ ಲೋಟದಲ್ಲಿ ಹೊಸದೆಷ್ಟು, ಹಳೆಯದೆಷ್ಟು ಎಂದು ಪುಸ್ತಕಗಳನ್ನು ತಿರುವಿಹಾಕತೊಡಗಿದೆ. ಈ ಭಾಷಣಕ್ಕೆ ಅದೇ ಕಾರಣ.

ಹಣ್ಣಿನ ರಸವನ್ನು ನೀರಿನಲ್ಲಿ ಬೆರೆಸಿ ಕುಡಿಯುವ ಪದ್ಧತಿ ನಮ್ಮ ದೇಶದಲ್ಲಿ ಅತ್ಯಂತ ಪ್ರಾಚೀನವಾದುದು. ಅದರ ಸೊಗಸಾದ ಒಂದು ದಾಖಲೆ ದೊರೆಯುವುದು ಪಾಕಶಾಸ್ತ್ರದಲ್ಲಲ್ಲ, ಸಂನ್ಯಾಸಿಗಳ ನಿಯಮಾವಳಿಯಲ್ಲಿ ಎಂಬುದು ಸೋಜಿಗದ ಸಂಗತಿ. ಬೌದ್ಧ ವಿನಯಪಿಟಕದ ಮಹಾವಗ್ಗದಲ್ಲಿ ಕೇಣಿಯನೆಂಬ ಜಟಾಧಾರಿ ತಪಸ್ವಿಯೊಬ್ಬನ ಪ್ರಸಂಗವಿದೆ. ಬುದ್ಧನು ತನ್ನ ಊರಿಗೆ ಬಂದನೆಂದು ತಿಳಿದ ಆತ ಪಾನಕಗಳನ್ನು ಮಾಡಿಸಿಕೊಂಡು ಹೋಗಿ ಒಪ್ಪಿಸುತ್ತಾನೆ. ಮಧ್ಯಾಹ್ನದ ಅನಂತರ ಭಿಕ್ಷುಗಳಿಗೆ ಆಹಾರ ನಿಷಿದ್ಧ. ಪಾನಕ ಆಹಾರವೆ, ಅಲ್ಲವೆ? ಅವರಿಗೆ ಸಂಕೋಚ. ಆಗ ಬುದ್ಧನು ಎಂಟು ಬಗೆಯ ಪಾನಗಳಿಗೆ ಅನುಮತಿ ಕೊಡುತ್ತಾನೆ: ಮಾವು, ನೇರಿಳೆ, ಬಾಳೆಯ ಎರಡು ಜಾತಿ, ಜೇನು, ದ್ರಾಕ್ಷಿ, ತಾವರೆಯ ಗೆಡ್ಡೆ, ಪರೂಷಕವೆಂಬ ಹುಳಿಹಣ್ಣು. ಅಷ್ಟಕ್ಕೇ ನಿಲ್ಲದೆ, ಧಾನ್ಯದ ರಸವೊಂದನ್ನುಳಿದು ಎಲ್ಲ ಹಣ್ಣುಗಳ ರಸ, ಬೇಯಿಸಿದ ಸೊಪ್ಪಿನದನ್ನುಳಿದು ಎಲ್ಲ ಎಲೆಗಳ ರಸ, ಇಪ್ಪೆಯ ಹೂವೊಂದನ್ನುಳಿದು ಎಲ್ಲ ಹೂಗಳ ರಸ, ಕಬ್ಬಿನ ಹಾಲು ಇವೆಲ್ಲವೂ ಆಗಬಹುದೆಂದು ನಿಯಮವನ್ನು ವಿಸ್ತರಿಸುತ್ತಾನೆ. ಇಪ್ಪೆಯ ಹೂವಿನಿಂದ ಹೆಂಡವಾಗುತ್ತದೆ ಎಂಬುದನ್ನು ನೆನೆದರೆ ಆ ನಿಷೇಧದ ಮರ್ಮ ಸುಲಭವಾಗಿ ತಿಳಿಯುತ್ತದೆ. ಶಂಖಪುಷ್ಪಕ್ಕೆ ಮಾತ್ರ ಅಲ್ಲಿ ಯಾವ ಅಡ್ಡಿಯೂ ಇಲ್ಲ. ನನ್ನ ಮೊಮ್ಮಗಳ ಹೂವಿನ ನೀರು ಎರಡು ಸಾವಿರ ವರ್ಷಗಳಿಗೂ ಹಿಂದಿನ ಶಾಸನಕ್ಕೆ ಒಳಪಟ್ಟೇ ಇದೆಯೆಂದಾಯಿತು.

ವೈದ್ಯಗ್ರಂಥಗಳಲ್ಲಿಯೂ ಪಾನಕಕ್ಕೆ ಸ್ಥಾನವಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅನ್ನಪಾನಗಳನ್ನು ಕುರಿತ ಅಧ್ಯಾಯವೊಂದಿದೆ. ಬರಿಯ ಬೆಲ್ಲದ ಪಾನಕ ಹುಳಿಯಿರಲಿ ಇಲ್ಲದಿರಲಿ ಜೀರ್ಣಕ್ಕೆ ಭಾರ. ಅದಕ್ಕೇ ಸಕ್ಕರೆ, ದ್ರಾಕ್ಷಿ, ಹುಳಿ, ಖಾರವಾದ ಮಸಾಲೆ, ಕರ್ಪೂರ ಇವು ಸೇರಿದರೆ ದೋಷರಹಿತವಾಗುತ್ತದೆ ಎಂಬುದು ಅಲ್ಲಿಯ ಅಭಿಪ್ರಾಯ. ರಾಮನವಮಿಯ ಪಾನಕಕ್ಕೆ ಮೆಣಸು, ಶುಂಠಿ, ಏಲಕ್ಕಿ, ಪಚ್ಚಕರ್ಪೂರಗಳನ್ನು ಹಾಕುವ ನಮ್ಮ ಗೃಹಿಣಿಯರು ಸುಶ್ರುತನನ್ನು ಓದಿ ಹಾಕುತ್ತಿಲ್ಲ. ಆದರೂ ಎರಡರ ಹೊಂದಿಕೆ ಬೆರಗು ಹುಟ್ಟಿಸುವಂತಿದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಈ ಹಳೆಯ ಪಟ್ಟಿಗಳಲ್ಲಿ ನಿಂಬೆ ಎಲ್ಲಿ? ನಾವಿಂದು ನಿಂಬೆಯಿಲ್ಲದ ಪಾನಕವನ್ನು ಊಹಿಸಲಾರೆವು. ಆದರೆ ಪ್ರಾಚೀನರ ಮಾತಿನಲ್ಲಿ ಹೆಚ್ಚು ಕೇಳಿಬರುವುದು ಮಾತುಲುಂಗ, ಎಂದರೆ ನಮ್ಮ ಮಾದಲದ ಹಣ್ಣು. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಫಲವೂ ಅದೇ. ನಿಂಬೆಯ ಕುಲಗೋತ್ರಗಳು ಸ್ಪಷ್ಟವಾದದ್ದು ತೀರ ಈಚೆಗೆ. 2018ರಲ್ಲಿ ಪ್ರಕಟವಾದ ತಳಿವಿಜ್ಞಾನಿಗಳ ಸಂಶೋಧನೆಯೊಂದು ಈ ಇಡೀ ವಂಶದ ತವರು ಹಿಮಾಲಯದ ಆಗ್ನೇಯದ ತಪ್ಪಲು, ಎಂದರೆ ಅಸ್ಸಾಮಿನಿಂದ ಉತ್ತರ ಬರ್ಮಾ, ಪಶ್ಚಿಮ ಯುನ್ನಾನಿನವರೆಗಿನ ಪ್ರದೇಶವೆಂದು ತೋರಿಸಿತು. ನಮ್ಮ ಅಂಗಳದ ಪುಟ್ಟ ನಿಂಬೆ ಮಾದಲಕ್ಕೂ ಒಂದು ಕಾಡು ಜಾತಿಗೂ ಹುಟ್ಟಿದ ಮಿಶ್ರಸಂತಾನ. ಪಾಶ್ಚಾತ್ಯರ ಹಳದಿ ಲೆಮನ್ ಮಾದಲಕ್ಕೂ ಹುಳಿಕಿತ್ತಳೆಗೂ ಹುಟ್ಟಿದ್ದು. ಎರಡಕ್ಕೂ ಮಾದಲವೇ ಹಿರಿಯ. ಲಿಂಬೆ, ಲೀಮೂ, ಲೆಮನ್ ಎಂಬ ಹೆಸರುಗಳಲ್ಲಿ ಕೇಳಿಬರುವ ಒಂದೇ ದನಿ ಹಣ್ಣು ನಡೆದ ದಾರಿಯನ್ನು ಸೂಚಿಸುತ್ತದೆ. ಪರ್ಷಿಯಾ, ಅರಬ್ ದೇಶಗಳ ಮಾರ್ಗವಾಗಿ ಅದು ಮೆಡಿಟರೇನಿಯನ್ ತೀರವನ್ನು ಸೇರಿತು. ಮಧ್ಯಯುಗದ ಕೈರೋ ನಗರದಲ್ಲಿ ಸಕ್ಕರೆ ಬೆರೆತ ನಿಂಬೆರಸ ವ್ಯಾಪಾರದ ವಸ್ತುವಾಗಿತ್ತು. ಪ್ಯಾರಿಸ್ಸಿನಲ್ಲಿ 1676ರಲ್ಲಿ ನಿಂಬೆಪಾನಕ ಮಾರುವವರದೇ ಒಂದು ಶ್ರೇಣಿ ಸ್ಥಾಪಿತವಾಯಿತು. ನಾವು ಹಂಚುವುದನ್ನು ಅವರು ಮಾರಿದರು ಎಂದು ಹೆಮ್ಮೆಪಡಬಹುದಾಗಿತ್ತು. ಆ ಹೆಮ್ಮೆಗೆ ಎಷ್ಟು ಅರ್ಹರೆಂಬುದನ್ನು ಮುಂದೆ ಹೇಳುತ್ತೇನೆ.

ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಊಟೋಪಚಾರಗಳನ್ನು ವಿದ್ಯೆಯೆಂದು ಪರಿಗಣಿಸಿ ಗ್ರಂಥಸ್ಥಗೊಳಿಸಿದ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿದೆ. ಸುಮಾರು 1025ರ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಂತರ್ಜಲಶೋಧ, ವೃಕ್ಷಾಯುರ್ವೇದ, ಸುಗಂಧಗಳ ಸಾಲಿನಲ್ಲಿ ಪಾಕಕ್ಕೂ ಎಡೆಯಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅನ್ನ ಪಾನೀಯಗಳನ್ನು ರಾಜಭೋಗಗಳಲ್ಲಿ ಸೇರಿಸುತ್ತದೆ. ಆದರೆ ನನಗೆ ಹೆಚ್ಚು ಪ್ರಿಯನಾದವನು ಕಲ್ಲಹಳ್ಳಿಯ ಮೂರನೆಯ ಮಂಗರಸ. ಇಂದಿನ ಹುಣಸೂರು ಸೀಮೆಯ ಈ ಜೈನ ಪ್ರಭು ಹದಿನಾರನೆಯ ಶತಮಾನದ ಆದಿಭಾಗದವನು. 'ನೇಮಿಜಿನೇಶಸಂಗತಿ'ಯನ್ನು ಬರೆದ ಕೈಯಿಂದಲೇ 'ಸೂಪಶಾಸ್ತ್ರ'ವನ್ನೂ ಬರೆದ. ಅದೂ ವಾರ್ಧಕ ಷಟ್ಪದಿಯಲ್ಲಿ! ಅದರಲ್ಲಿ ಪಾನಕಗಳಿಗೇ ಮೀಸಲಾದ ಅಧ್ಯಾಯವೊಂದಿದೆ. ಕತ್ತಿ ಹಿಡಿಯಬೇಕಾದ ಕೈ ಸೌಟು ಹಿಡಿಯಿತೆಂದು ನಗುವವರು ನಗಲಿ. ಹಣ್ಣನ್ನು ಹಿಂಡುವ, ಸೋಸುವ, ಕಂಪುಗೊಡುವ ಕೆಲಸಗಳು ಛಂದಸ್ಸಿಗೆ ಹೊಂದಬಲ್ಲವೆಂದು ನಂಬಿದ ಕವಿಯ ಎದೆಗಾರಿಕೆಯನ್ನು ನಾನಂತೂ ಮೆಚ್ಚುತ್ತೇನೆ. ನಮ್ಮ ಸಾಹಿತ್ಯಚರಿತ್ರೆಯ ತರಗತಿಗಳಲ್ಲಿ ಈ ಕೃತಿಗೆ ಒಂದು ವಾಕ್ಯಕ್ಕಿಂತ ಹೆಚ್ಚು ಸಮಯ ಸಿಗುತ್ತಿರಲಿಲ್ಲ. ಪಾಠ ಹೇಳಿದವನು ನಾನೇ ಆದ್ದರಿಂದ ಈ ದೂರು ನನ್ನ ಮೇಲೆಯೇ.

ಮಂಗರಸನ ಕಾಲದಲ್ಲಿಯೇ ನಮ್ಮ ಪಡುಗಡಲಿನ ಅಂಚಿನಲ್ಲಿ ಬೇರೊಂದು ಕಥೆ ಆರಂಭವಾಗಿತ್ತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಹಡಗುಗಳಲ್ಲಿ ಅಮೆರಿಕೆಯ ಹಣ್ಣುಗಳು ಒಂದೊಂದಾಗಿ ಇಳಿದುವು. ಕೊಲಂಬಸನು 1493ರಲ್ಲಿ ಗ್ವಾದೆಲೂಪ್ ದ್ವೀಪದಲ್ಲಿ ಕಂಡ ಅನಾನಸು ನೂರು ವರ್ಷ ತುಂಬುವ ಮೊದಲೇ ಭಾರತದಲ್ಲಿ ಬೇರೂರಿತು. ಅದು ಫರಂಗಿಯರ ರೇವುಗಳಿಂದ ಬರುವ ಹಣ್ಣೆಂದೂ, ಆಗ್ರಾದ ತನ್ನ ತೋಟದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಬಿಡುತ್ತದೆಂದೂ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ದಕ್ಷಿಣ ಅಮೆರಿಕೆಯ ತುಪಿ ಜನರ ಮಾತು ಅಲ್ಪಸ್ವಲ್ಪ ಬದಲಾಗಿ ಇಂದಿಗೂ ನಮ್ಮ ಸಂತೆಗಳಲ್ಲಿ 'ಅನಾನಸು' ಎಂದು ಕೂಗಿಕೊಳ್ಳುತ್ತದೆ. ಪರಂಗಿ ಹಣ್ಣಂತೂ ತನ್ನನ್ನು ತಂದವರ ಹೆಸರನ್ನೇ ಹೊತ್ತುಕೊಂಡಿದೆ. ಇಂದು ಅನಾನಸಿನ ಬೆಳೆಗೆ ಹೆಸರಾದ ಸೀಮೆ ಬನವಾಸಿ. ಪಂಪನು 941ರಲ್ಲಿ ನೆನೆನೆನೆದು ಬಣ್ಣಿಸಿದ ಬನವಾಸಿಯಲ್ಲಿ ಮಾಮರವಿದೆ, ಜಾಜಿಯಿದೆ, ಸಂಪಗೆಯಿದೆ, ಅನಾನಸು ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ.

ಹೊರಗಿನಿಂದ ಬಂದ ಹಣ್ಣಿನ ಸಂಭ್ರಮದಲ್ಲಿ ನಮ್ಮ ಘಟ್ಟದ ಹಣ್ಣೊಂದನ್ನು ಮರೆಯಬಾರದು. ಉತ್ತರ ಕನ್ನಡದವರು ಮುರುಗಲು ಎಂದೂ, ದಕ್ಷಿಣ ಕನ್ನಡದವರು ಪುನರ್ಪುಳಿ ಎಂದೂ ಕರೆಯುವ ಇದು ಪಶ್ಚಿಮ ಘಟ್ಟದ ಸ್ವಂತ ಸೊತ್ತು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತನು 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ ಈ ಹಣ್ಣಿನ ಒಳಗಿನ ಕೆಂಪನ್ನೂ ತಡೆಯಲಾಗದ ಹುಳಿಯನ್ನೂ ದಾಖಲಿಸಿದ್ದಾನೆ. ಕೃತಕ ಬಣ್ಣದ ಹಂಗಿಲ್ಲದೆ ಮಾಣಿಕ್ಯದಂತೆ ಹೊಳೆಯುವ ಪಾನಕ ಇದೊಂದೇ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ. ಹಣ್ಣನ್ನು ಒಡೆದು ಬೀಜ ತೆಗೆದು ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿಟ್ಟರೆ ವರ್ಷವಿಡೀ ಬರುತ್ತದೆ. ಏಳೆಂಟು ಸಿಪ್ಪೆಗಳನ್ನು ಒಂದು ಚೊಂಬು ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿ, ಸಕ್ಕರೆ, ಚಿಟಿಕೆ ಉಪ್ಪು, ಜೀರಿಗೆಪುಡಿ ಬೆರೆಸಿದರೆ ಮುಗಿಯಿತು. ಇದರ ಕೆಂಪಿಗೂ ಶಂಖಪುಷ್ಪದ ನೀಲಿಗೂ ಕಾರಣವಾದ ವರ್ಣದ್ರವ್ಯಗಳು ಒಂದೇ ಕುಟುಂಬದವು. ಹುಳಿಯಿದ್ದಲ್ಲಿ ಕೆಂಪಿಗೆ ವಾಲುವುದು ಅವುಗಳ ಸ್ವಭಾವ.

ಆದರೆ ಬಣ್ಣ ಪಾನಕದ ಮುಖ್ಯ ಗುಣವಾದದ್ದು ಯಾವಾಗ? ನನ್ನ ಊಹೆಯನ್ನು ಹೇಳಿಬಿಡುತ್ತೇನೆ: ಬಿಳಿಯ ಸಕ್ಕರೆ ಅಗ್ಗವಾದಂದು. ನಮ್ಮ ಹಳ್ಳಿಗಳ ಪಾನಕವೆಂದರೆ ಬೆಲ್ಲದ ಪಾನಕ. ಬೇಲದ ಹಣ್ಣು ಹಾಕಲಿ, ಕರಬೂಜ ಹಾಕಲಿ, ನಿಂಬೆ ಹಿಂಡಲಿ, ಬೆಲ್ಲ ಎಲ್ಲವನ್ನೂ ತನ್ನ ಕಂದಿಗೆ ಎಳೆದುಕೊಳ್ಳುತ್ತದೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದದ್ದು 1933ರಲ್ಲಿ. ಅಂಥ ಕಾರ್ಖಾನೆಗಳ ಸಕ್ಕರೆ ಸಾಮಾನ್ಯರ ಡಬ್ಬಿಗೆ ಬಂದ ಮೇಲೆಯೇ ಲೋಟದೊಳಗಿನ ಹಣ್ಣಿನ ಬಣ್ಣ ಕಣ್ಣಿಗೆ ಬಿತ್ತು. ಶರಬತ್ತು ಪಾನಕಕ್ಕಿಂತ ನಾಗರಿಕವೆನಿಸಿತು. ಇಂಗ್ಲೆಂಡಿನ ಕಾಡ್ ಎಂಬಾತ 1872ರಲ್ಲಿ ಹಕ್ಕುಪತ್ರ ಪಡೆದ ಗೋಲಿಯ ಸೀಸೆಗಳೂ ಅಷ್ಟು ಹೊತ್ತಿಗೆ ನಮ್ಮ ಜಾತ್ರೆಗಳಿಗೆ ಬಂದಿದ್ದುವು, ಅವುಗಳೊಂದಿಗೆ ಹಣ್ಣನ್ನೇ ಕಾಣದ ಹಸುರು ಕೆಂಪುಗಳೂ ಬಂದುವು. ತಿನಿಸುಗಳಿಗೆ ಬಳಿಯುವ ಕೃತಕ ಬಣ್ಣಗಳ ಮೇಲೆ ಕರ್ನಾಟಕ ಸರ್ಕಾರವು 2024ರ ಮಾರ್ಚಿಯಲ್ಲಿ, ಬೊಂಬಾಯಿ ಮಿಠಾಯಿ ಮತ್ತು ಗೋಬಿ ಮಂಚೂರಿಗಳ ವಿಷಯದಲ್ಲಿ, ನಿಷೇಧ ಹೇರಿದುದು ಆ ಕಥೆಯ ಈಚಿನ ಪುಟ.

ಬೆಲ್ಲದ ಬಣ್ಣ ಎಂದಾಗ ನನಗೆ ಬೇರೊಂದು ನೆನಪಾಗುತ್ತದೆ. ಹಳಗನ್ನಡದಲ್ಲಿ ಅರವಂಟಿಗೆ ಎಂಬ ಮಾತಿದೆ, ಇಂದಿನ ಅರವಟ್ಟಿಗೆ. ದಾರಿಹೋಕರಿಗೆ ನೀರು ಕೊಡುವ ಚಪ್ಪರ. ಅದನ್ನು ಕಟ್ಟಿಸುವುದು ಪುಣ್ಯಕಾರ್ಯವೆಂದು ನಮ್ಮ ಶಾಸನಗಳು ಸಾರುತ್ತವೆ. ನಮ್ಮೂರಿನಲ್ಲಿಯೂ ರಾಮನವಮಿಗೆ ಗುಡಿಯ ಮುಂದೆ ಅರವಟ್ಟಿಗೆ ಹಾಕುತ್ತಿದ್ದರು. ಸುಮಾರು 1968ರ ಮಾತು. ಹಿತ್ತಾಳೆಯ ಕೊಳಗದಲ್ಲಿ ಪಾನಕ, ಪಕ್ಕದಲ್ಲಿ ಸಾಲಾಗಿ ಲೋಟಗಳು. ನನ್ನ ತರಗತಿಯ ಗೆಳೆಯನೊಬ್ಬ ನನ್ನೊಡನೆ ಬಂದಿದ್ದ. ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂರುತ್ತಿದ್ದೆವು. ನನಗೆ ಲೋಟದಲ್ಲಿ ಕೊಟ್ಟರು. ಅವನಿಗೆ ಪಕ್ಕಕ್ಕೆ ಸರಿದು ಬೊಗಸೆಯೊಡ್ಡುವಂತೆ ಹೇಳಿ, ಮೊಳದ ಎತ್ತರದಿಂದ ಸೌಟಿನಲ್ಲಿ ಸುರಿದರು. ಬೊಗಸೆ ಹಿಡಿಸುವಷ್ಟು ಹಿಡಿಸಿತು. ಉಳಿದದ್ದು ಮೊಣಕೈಯಿಂದ ಇಳಿದು, ಹಬ್ಬಕ್ಕೆಂದು ಒಗೆದು ಹಾಕಿಕೊಂಡಿದ್ದ ಬಿಳಿಯ ಅಂಗಿಯ ಮೇಲೆ ಹರಿಯಿತು. ಅಸ್ಪೃಶ್ಯತೆಯನ್ನು ಸಂವಿಧಾನ ರದ್ದುಪಡಿಸಿ ಆಗ ಹದಿನೆಂಟು ವರ್ಷಗಳಾಗಿದ್ದುವು. ಅದನ್ನು ಅಪರಾಧವೆಂದು ಸಾರಿದ 1955ರ ಕಾಯಿದೆಗೆ ಹದಿಮೂರು. ಮಹಾಡಿನ ಚವದಾರ್ ಕೆರೆಗೆ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು ನೀರು ಕುಡಿದದ್ದು 1927ರಲ್ಲಿ. ನಮ್ಮೂರಿನ ಅರವಟ್ಟಿಗೆಗೆ ಇವಾವುದರ ಸುದ್ದಿಯೂ ತಲುಪಿರಲಿಲ್ಲ.

ಸುರಿದವರು ಕೆಟ್ಟವರೇನಲ್ಲ ಎಂದು ಹೇಳುವ ರೂಢಿಯಿದೆ. ನಾನೂ ಬಹುಕಾಲ ಹಾಗೆ ಹೇಳಿಕೊಂಡೆ. ಗೆಳೆಯ ಅಂಗಿಯ ಮೇಲಿನ ಕಂದುಗಲೆಯನ್ನು ಕೈಯಿಂದ ಉಜ್ಜಿಕೊಳ್ಳುತ್ತ ಹೊರಟುಹೋದ. ನಾನು ಎರಡನೆಯ ಲೋಟಕ್ಕಾಗಿ ಸಾಲಿನಲ್ಲಿ ನಿಂತೆ. ಅಷ್ಟು ಪಾನಕಗಳನ್ನು ಎಣಿಸಿಟ್ಟ ನಮ್ಮ ಪಾಕಗ್ರಂಥಗಳಲ್ಲಿ ಹುಳಿ ಎಷ್ಟು, ಸಿಹಿ ಎಷ್ಟು ಎಂಬ ವಿವೇಚನೆಯಿದೆ. ಯಾರಿಗೆ ಎಷ್ಟು ಎತ್ತರದಿಂದ ಎಂಬುದನ್ನು ಯಾರೂ ಬರೆದಿಡಲಿಲ್ಲ; ಬರೆಯದೆಯೇ ಎಲ್ಲರಿಗೂ ಗೊತ್ತಿದ್ದುದರಿಂದ ಇರಬೇಕು.

ಈ ಸಂಗತಿಯನ್ನು ಮೊಮ್ಮಗಳಿಗೆ ಅಂದು ಸಂಜೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆಮೇಲೆ ಆ ಅಜ್ಜನನ್ನು ಕೇಳಿದಿರಾ?" ಎಂದಳು. ಯಾವ ಅಜ್ಜ ಎಂದು ನನಗೆ ಒಂದು ಕ್ಷಣ ಹೊಳೆಯಲಿಲ್ಲ. ಒಂಬತ್ತು ವರ್ಷದ ಹುಡುಗನಾಗಿಯೇ ಅವನು ನನ್ನ ನೆನಪಿನಲ್ಲಿ ನಿಂತುಬಿಟ್ಟಿದ್ದಾನೆ. ಕೇಳಲಿಲ್ಲ ಎಂದೆ.

ಮರುದಿನ ಅವಳು ಮತ್ತೆ ಪಾನಕಕ್ಕೆ ಕುಳಿತಳು. ಸಕ್ಕರೆ ಮುಗಿದಿತ್ತು. ನನ್ನ ಹೆಂಡತಿ ಬೆಲ್ಲದ ಅಚ್ಚೊಂದನ್ನು ಕುಟ್ಟಿ ಕೊಟ್ಟಳು. ಅನಾನಸು, ನಿಂಬೆ, ಶಂಖಪುಷ್ಪ ಮೂರೂ ಸೇರಿ ಹೊಳೆಯ ಹೊಸನೀರಿನ ಬಣ್ಣವಾಯಿತು. "ಎಲ್ಲ ಹಾಳಾಯಿತು" ಎಂದು ಗೊಣಗಿದಳು. ಆದರೂ ನಾಲ್ಕು ಲೋಟಗಳಲ್ಲಿ ಹೊಯ್ದು ಒಂದನ್ನು ನನಗೂ, ಒಂದನ್ನು ಅವಳ ಅಜ್ಜಿಗೂ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು, ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವನ ಬಳಿಗೆ ಹೋದಳು.