ಮಂತ್ರವಿಲ್ಲದ ಮದುವೆಗೂ ಧರ್ಮದ ಗಂಟು

ಸಲಿಂಗ ವಿವಾಹದ ಮಾತೆದ್ದರೆ ಸಾಕು, ಒಂದು ಕಡೆ ಧರ್ಮವನ್ನೂ ಇನ್ನೊಂದು ಕಡೆ ಸಂವಿಧಾನವನ್ನೂ ನಿಲ್ಲಿಸಿಬಿಡುತ್ತೇವೆ. ಆದರೆ ಭಾರತದಲ್ಲಿ ಈ ವ್ಯಾಜ್ಯ ಮುಗ್ಗರಿಸಿದ್ದು ಧರ್ಮದ ಸೋಂಕೇ ಇಲ್ಲವೆಂದು ನಾವು ನಂಬಿಕೊಂಡಿದ್ದ ವಿಶೇಷ ವಿವಾಹ ಕಾಯ್ದೆಯ ಹೊಸ್ತಿಲಲ್ಲಿ.

ಆ ಕಾಯ್ದೆಯ ಹುಟ್ಟನ್ನು 1872ರಲ್ಲಿ ಹುಡುಕಬೇಕು. ಕೇಶವಚಂದ್ರ ಸೇನರ ಬ್ರಹ್ಮ ಸಮಾಜದವರ ಒತ್ತಾಯಕ್ಕೆ ಬ್ರಿಟಿಷ್ ಸರ್ಕಾರ ಪುರೋಹಿತರಿಲ್ಲದ ಮದುವೆಗೆ ಒಪ್ಪಿತು. ಷರತ್ತು ಮಾತ್ರ ವಿಚಿತ್ರವಾಗಿತ್ತು: ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮಕ್ಕೂ ಸೇರಿದವರಲ್ಲ ಎಂದು ವಧೂವರರು ಬರೆದುಕೊಡಬೇಕು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಆ ಘೋಷಣೆಯನ್ನು ತಪ್ಪಿಸಿತು. ಬದಲಿಗೆ ಅವಿಭಕ್ತ ಕುಟುಂಬದಿಂದ ಅವರನ್ನು ಹೊರಗಿಟ್ಟಿತು. ಈಗ ಜಾರಿಯಲ್ಲಿರುವ 1954ರ ಕಾಯ್ದೆಯೂ ಇದನ್ನು ಉಳಿಸಿಕೊಂಡಿತು. ಈ ಕಾಯ್ದೆಯಡಿ ಮದುವೆಯಾದವರ ಆಸ್ತಿಗೆ ಧರ್ಮಾತೀತವಾದ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತಿತ್ತು. 1976ರಲ್ಲಿ ಸಂಸತ್ತು 21ಎ ಕಲಮನ್ನು ಸೇರಿಸಿತು. ಇಬ್ಬರೂ ಹಿಂದೂಗಳಾದರೆ ಆಸ್ತಿ ಹಂಚಿಕೆ ಮತ್ತೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ. ಹೊರಹಾಕಿದ ಧರ್ಮವನ್ನು ಹಿತ್ತಲ ಬಾಗಿಲಿಂದ ಕರೆದು ಕೂರಿಸಿದಂತಾಯಿತು.

ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡ ಸಂಹಿತೆಯ 377ನೇ ಕಲಮಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 2009ರಲ್ಲಿ ದೆಹಲಿ ಹೈಕೋರ್ಟ್ ಬಿಡುಗಡೆ ಕೊಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟ್ ಕಿತ್ತುಕೊಂಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು; ಅದೇ ಬುನಾದಿಯ ಮೇಲೆ 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲವೆಂದಾಯಿತು.

ಧರ್ಮದ ಪರವಾಗಿ ಮಾತಾಡುವವರ ದನಿಯೂ ಒಂದೇ ಅಲ್ಲ. 2023ರ ಜನವರಿಯಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಮುಖ್ಯಸ್ಥ ಮೋಹನ್ ಭಾಗವತ್ ಜರಾಸಂಧನ ಸೇನಾನಿಗಳಾದ ಹಂಸ-ಡಿಂಭಕರ ಕಥೆ ತೆಗೆದು, ಇಂಥವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ ಎಂದರು. ಮಾರ್ಚ್‌ನಲ್ಲಿ ಅದೇ ಸಂಘದ ಸರಕಾರ್ಯವಾಹ, ನಮ್ಮ ಸೊರಬದ ಕಡೆಯ ದತ್ತಾತ್ರೇಯ ಹೊಸಬಾಳೆ, ಮದುವೆ ಸಂಸ್ಕಾರ, ಅದು ಗಂಡು-ಹೆಣ್ಣಿನ ನಡುವೆ ಮಾತ್ರ ಎಂದರು. ಜಮೀಯತ್ ಉಲಮಾ-ಎ-ಹಿಂದ್ ಕೂಡ ಕೋರ್ಟಿನಲ್ಲಿ ವಿರೋಧಿಸಿತು. ಈ ವಿಷಯದಲ್ಲಿ ಹೊಸಬಾಳೆ, ಜಮೀಯತ್ ಇಬ್ಬರದೂ ಒಂದೇ ಪಂಕ್ತಿ.

2023ರ ಏಪ್ರಿಲ್‌ನಲ್ಲಿ ಸಲಿಂಗ ವಿವಾಹದ ಅರ್ಜಿಗಳ ವಿಚಾರಣೆ ಶುರುವಾದಾಗ ಸುಪ್ರೀಂ ಕೋರ್ಟಿನ ಐವರ ಪೀಠ ಜಾಣತನದ ದಾರಿ ಹಿಡಿಯಿತು: ವೈಯಕ್ತಿಕ ಕಾನೂನುಗಳ ಗೊಡವೆ ಬೇಡ, ವಿಶೇಷ ವಿವಾಹ ಕಾಯ್ದೆಯಷ್ಟನ್ನೇ ನೋಡೋಣ. ಆ ದಾರಿಯಲ್ಲೇ ಎಡವಿತು. 21ಎ ಕಲಮಿನ ಮೂಲಕ ಇಲ್ಲಿಗೂ ಬರುವ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮನ್ನೇ ನೋಡಿ. ಉಯಿಲು ಬರೆಯದೆ, ಮಕ್ಕಳೂ ಗಂಡನೂ ಇಲ್ಲದೆ ತೀರಿಕೊಂಡ ಹೆಂಗಸಿನ ಸ್ವಯಾರ್ಜಿತ ಆಸ್ತಿ ಅವಳ ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ದಂಪತಿ ಇಬ್ಬರೂ ಹೆಂಗಸರಾದರೆ ಇಲ್ಲಿ ಗಂಡ ಯಾರು? ಇಂಥ ತೊಡಕುಗಳನ್ನು ಬಿಡಿಸಲು ಹೊರಟರೆ ಕಾನೂನನ್ನೇ ಹೊಸದಾಗಿ ಬರೆದಂತಾಗುತ್ತದೆ ಎಂದು ಅಕ್ಟೋಬರ್ 17ರಂದು ಪೀಠ ಕೈಚೆಲ್ಲಿತು. ಮದುವೆ ಮೂಲಭೂತ ಹಕ್ಕಲ್ಲ ಎಂಬುದರಲ್ಲಿ ಐವರೂ ಒಂದು. ಕೂಡಿಬಾಳುವ ಸಂಬಂಧಕ್ಕೆ ಕಾನೂನಿನ ಮನ್ನಣೆ, ದತ್ತು ಸ್ವೀಕಾರ ಇವುಗಳಲ್ಲಿ ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಕೌಲ್ ಅಲ್ಪಮತಕ್ಕೆ ಬಿದ್ದರು. ತೊಡಕು ಸುಳ್ಳೆಂದು ನಾನು ಹೇಳಲಾರೆ. ಆದರೆ 21ಎ ಗಂಟನ್ನು ಹಾಕಿದ್ದು ಸಂಸತ್ತೇ, ಯಾವ ಸ್ಮೃತಿಕಾರನೂ ಅಲ್ಲ. ಹಾಕಿದವರಿಗೆ ಬಿಚ್ಚುವುದೂ ಬರಬೇಕು.

ವಿಚಿತ್ರವೆಂದರೆ ಬಾಗಿಲು ಒಂದಿಷ್ಟು ತೆರೆದದ್ದು ಹಿಂದೂ ವಿವಾಹ ಕಾಯ್ದೆಯಲ್ಲಿ. 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಗಂಡಸನ್ನು ವರಿಸಿದ ಟ್ರಾನ್ಸ್ ಮಹಿಳೆಯೂ 'ವಧು'ವೇ ಎಂದಿತ್ತು. ಟ್ರಾನ್ಸ್ ವ್ಯಕ್ತಿಗಳ ಗಂಡು-ಹೆಣ್ಣು ಮದುವೆಗೆ ಈಗಿನ ಕಾನೂನುಗಳಲ್ಲೇ ಅವಕಾಶವಿದೆಯೆಂದು ಸುಪ್ರೀಂ ಕೋರ್ಟ್ ಸಹ ಒಪ್ಪಿತು.

ಪುನರ್‌ಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಅಷ್ಟರಲ್ಲಿ ಕೇಂದ್ರ ಸರ್ಕಾರ ಚಿಲ್ಲರೆ ಸವಲತ್ತುಗಳನ್ನು ಕೊಟ್ಟಿತ್ತು: 2024ರಿಂದ ಸಂಗಾತಿಗಳು ಒಂದೇ ರೇಷನ್ ಕಾರ್ಡಿನಲ್ಲಿರಬಹುದು, ಜಂಟಿ ಬ್ಯಾಂಕ್ ಖಾತೆ ತೆರೆದು ಪರಸ್ಪರರನ್ನು ನಾಮಿನಿ ಮಾಡಬಹುದು. ಆದರೆ ನಾಮಿನಿಯಾದವರು ಹಣವನ್ನು ಕೈಗೆ ಪಡೆಯುವವರಷ್ಟೇ. ಉಯಿಲು ಇಲ್ಲದಿದ್ದರೆ ಅದರ ಮೇಲಿನ ಹಕ್ಕು ಸತ್ತವರ ಹುಟ್ಟಿದ ಮನೆಯವರದೇ.