ಮನೆ ಗ್ಯಾರೇಜಿನ ಗಾಳಿ ಲೈನಿಗೆ ಯಾವ ಪೈಪು ಸುರಕ್ಷಿತ?

ಹೊಸೂರು: ಸಿಪ್ಕಾಟ್ ಕೈಗಾರಿಕಾ ವಲಯದಿಂದಾಗಿ ಹೊಸೂರು ಸುತ್ತಲಿನ ಹಳ್ಳಿಗಳಿಗೆ ಕಂಪ್ರೆಸರ್ ಹೊಸದೇನಲ್ಲ. ಬಾಗಲೂರು, ಬೇರಿಗೈ, ತಳಿ, ಕೆಲಮಂಗಲ, ಶೂಲಗಿರಿ ಕಡೆ ಪಂಕ್ಚರ್ ಅಂಗಡಿ, ಬೈಕ್ ಸರ್ವಿಸ್, ಟ್ರಾಕ್ಟರ್ ರಿಪೇರಿ, ಸ್ಪ್ರೇ ಪೇಂಟಿಂಗ್ ಎಂದು ಮನೆ ಪಕ್ಕದ ಶೆಡ್ಡಿನಲ್ಲೇ ಕೆಲಸ ನಡೆಸುವವರಿದ್ದಾರೆ. ಕಂಪ್ರೆಸರ್ ಕೊಳ್ಳುವಾಗ ನಾಲ್ಕು ಜನರನ್ನು ವಿಚಾರಿಸುವವರು ಪೈಪಿನ ವಿಷಯಕ್ಕೆ ಬಂದರೆ ಅಷ್ಟು ಯೋಚಿಸುವುದಿಲ್ಲ. ಬೋರ್‌ವೆಲ್‌ಗೋ ತೋಟದ ಡ್ರಿಪ್ ಲೈನಿಗೋ ತಂದು ಉಳಿದ ಪಿವಿಸಿ ಪೈಪು ಮನೆಯಲ್ಲೇ ಇರುತ್ತದೆ, ಅದನ್ನೇ ಗೋಡೆಗೆ ಹೊಡೆಯುತ್ತಾರೆ. ಅಪಾಯ ಇರುವುದು ಇಲ್ಲಿಯೇ.

ನೀರು ಬೇರೆ, ಗಾಳಿ ಬೇರೆ

ಪೈಪಿನ ಮೇಲೆ 10 ಕೆ.ಜಿ. ಪ್ರೆಷರ್ ಎಂದು ಬರೆದಿರುತ್ತದೆ, ಕಂಪ್ರೆಸರ್ ಕೊಡುವುದು 8 ಕೆ.ಜಿ. ಹಾಗಾದರೆ ಭಯವೇನು ಎಂಬುದು ಸಾಮಾನ್ಯ ಪ್ರಶ್ನೆ. ಆ ಬರಹ ನೀರಿಗೆ ಕೊಟ್ಟ ಲೆಕ್ಕ. ನೀರನ್ನು ಒತ್ತಿದರೆ ಅದು ಹೆಚ್ಚು ಕುಗ್ಗುವುದಿಲ್ಲ. 8 ಕೆ.ಜಿ. ಒತ್ತಡದಲ್ಲಿರುವ 100 ಲೀಟರ್ ನೀರನ್ನು ಬಿಟ್ಟರೆ ಅದು ಹಿಗ್ಗುವುದು ಸುಮಾರು 35 ಮಿಲಿ ಲೀಟರ್ ಮಾತ್ರ, ಅಂದರೆ ಅರ್ಧ ಲೋಟ ಕಾಫಿಯಷ್ಟೂ ಇಲ್ಲ. ಅದೇ ಒತ್ತಡದ 100 ಲೀಟರ್ ಗಾಳಿ ಹೊರಬಂದರೆ ಸುಮಾರು 900 ಲೀಟರ್ ಆಗುತ್ತದೆ. ನೀರಿನ ಪೈಪು ಬಿರುಕು ಬಿಟ್ಟರೆ ನೀರು ಚಿಮ್ಮಿ ಒತ್ತಡ ಇಳಿಯುತ್ತದೆ. ಗಾಳಿಯ ಪೈಪು ಒಡೆದರೆ ಪಟಾಕಿಯಂತೆ ಸಿಡಿಯುತ್ತದೆ.

ಪಿವಿಸಿ ಸೀಳಿಕೊಂಡು ಸುಮ್ಮನಾಗುವ ವಸ್ತುವಲ್ಲ. ಗಾಜಿನಂತೆ ಚೂರುಚೂರಾಗಿ ಹಾರುತ್ತದೆ. ಚೂರು ಕಣ್ಣಿಗೆ, ಕುತ್ತಿಗೆಗೆ ಬಿದ್ದರೆ ಗತಿಯೇನು? ಮನೆಯ ಗ್ಯಾರೇಜಿನಲ್ಲಿ ಮಕ್ಕಳೂ ಓಡಾಡುತ್ತಾರೆ ಎಂಬುದನ್ನು ಮರೆಯಬಾರದು.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ, ಟೆಕ್ಸಾಸ್‌ನ ಕಾರ್ಖಾನೆಯೊಂದರಲ್ಲಿ ಪಿವಿಸಿ ಗಾಳಿ ಲೈನು ಸಿಡಿದು ಕಾರ್ಮಿಕರೊಬ್ಬರು ಗಾಯಗೊಂಡ ಬಳಿಕ, 1988ರ ಮೇ ತಿಂಗಳಲ್ಲಿ ಎಚ್ಚರಿಕೆ ಪ್ರಕಟಿಸಿತು. ನೆಲದ ಮೇಲಿನ ಗಾಳಿ ಲೈನಿಗೆ ಪಿವಿಸಿ ಬೇಡ ಎಂಬುದು ಅದರ ಸಾರ. ಪ್ಲಾಸ್ಟಿಕ್ ಪೈಪು ತಯಾರಕರ ಸಂಘವೇ 1972ರಲ್ಲಿ ಇಂಥದ್ದೇ ಸಲಹೆ ನೀಡಿತ್ತು.

ಬಿಸಿಲು, ಎಣ್ಣೆ, ವಯಸ್ಸು

ಬಿಸಿ ಏರಿದಂತೆ ಪಿವಿಸಿಯ ಬಲ ಇಳಿಯುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ತಾಳುವ ಒತ್ತಡ ಅರ್ಧಕ್ಕೆ ಬರುತ್ತದೆ, 60 ಡಿಗ್ರಿಯಲ್ಲಿ ಕಾಲು ಭಾಗಕ್ಕೂ ಕಡಿಮೆ. ಕೃಷ್ಣಗಿರಿ ಕಡೆಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಎಷ್ಟು ಕಾವು ಇರುತ್ತದೆ ಎಂದು ಹೇಳಬೇಕಾಗಿಲ್ಲ. ಸಾಲದ್ದಕ್ಕೆ ಕಂಪ್ರೆಸರಿನಿಂದ ಹೊರಬರುವ ಗಾಳಿಯೂ ಬಿಸಿಯೇ. ಬಿಸಿಲು ಬಿದ್ದ ಪೈಪು ವರ್ಷ ಕಳೆದಂತೆ ಪೆಡಸಾಗುತ್ತದೆ, ಕೆಲವು ಬಗೆಯ ಕಂಪ್ರೆಸರ್ ಎಣ್ಣೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಹೀಗಾಗಿ ಎರಡು ವರ್ಷದಿಂದ ಏನೂ ಆಗಿಲ್ಲ ಎನ್ನುವುದು ಧೈರ್ಯದ ಮಾತಲ್ಲ, ಪೈಪಿಗೆ ಎರಡು ವರ್ಷ ವಯಸ್ಸಾಗಿದೆ ಎಂದಷ್ಟೇ ಅದರ ಅರ್ಥ.

ಬಿಸಿನೀರಿಗೆ ಬಳಸುವ ಸಿಪಿವಿಸಿ ಕೂಡ ಗಾಳಿಗೆ ಸಲ್ಲದು. ಹಸಿರು ಬಣ್ಣದ ಪಿಪಿಆರ್ ಪೈಪಿನ ವಿಷಯದಲ್ಲಿ, ಗಾಳಿಗೆ ಆಗುತ್ತದೆ ಎಂದು ತಯಾರಕರೇ ಬರೆದು ಕೊಟ್ಟಿದ್ದರೆ ಮಾತ್ರ ಬಳಸಬೇಕು. ಅಂಗಡಿಯವರ ಬಾಯಿಮಾತು ಸಾಲದು.

ಯಾವುದು ಸರಿ?

ಜಿ.ಐ. ಪೈಪು: ನಮ್ಮ ಕಡೆ ಸುಲಭವಾಗಿ ಸಿಗುವುದು ಇದೇ. ಐಎಸ್ 1239 ಗುರುತು ಇರಬೇಕು. ಹಳದಿ ಪಟ್ಟಿ ಎ ಕ್ಲಾಸ್, ನೀಲಿ ಪಟ್ಟಿ ಬಿ ಕ್ಲಾಸ್, ಕೆಂಪು ಪಟ್ಟಿ ಸಿ ಕ್ಲಾಸ್. ಬಿ ಕ್ಲಾಸ್ ಅರ್ಧ ಇಂಚು ಪೈಪಿನ ಗೋಡೆ 2.6 ಮಿ.ಮೀ. ದಪ್ಪ ಇರುತ್ತದೆ, ಮನೆ ಗ್ಯಾರೇಜಿಗೆ ಧಾರಾಳ. ಇದರ ದೋಷವೆಂದರೆ ವರ್ಷಗಳ ನಂತರ ಒಳಗೆ ತುಕ್ಕು ಬರುವುದು. ಪೇಂಟಿಂಗ್ ಮಾಡುವವರು ಗನ್ನಿಗೆ ಮುಂಚೆ ಫಿಲ್ಟರ್ ಹಾಕಲೇಬೇಕು.

ತಾಮ್ರ: ತುಕ್ಕು ಹಿಡಿಯದು, ಚೂರಾಗಿ ಸಿಡಿಯದು. ಬೆಲೆ ಹೆಚ್ಚು, ಬೆಸುಗೆ ಬಲ್ಲವರು ಬೇಕು.

ಅಲ್ಯೂಮಿನಿಯಂ: ಗಾಳಿಗೆಂದೇ ತಯಾರಾಗುವ ಪೈಪುಗಳಿವೆ. ಹಗುರ, ಒಳಗೆ ನುಣುಪು, ಜೋಡಿಸುವುದು ಸುಲಭ. ದುಬಾರಿ.

ರಬ್ಬರ್ ಹೋಸು: ಒಂದೇ ಕಡೆ ಗಾಳಿ ಬೇಕಾದವರಿಗೆ ಪೈಪೇ ಬೇಡ. ಗಾಳಿಗೆಂದು ಒತ್ತಡ ನಮೂದಿಸಿದ, ಒಳಗೆ ನೂಲು ಹೆಣೆದ ಹೋಸು ಸಾಕು. ತುದಿಗೆ ಬಿಗಿಯಾದ ಕ್ಲಾಂಪ್ ಇರಬೇಕು, ಕಳಚಿಕೊಂಡರೆ ಹೋಸು ಚಾಟಿಯಂತೆ ಬೀಸುತ್ತದೆ.

ಅಳತೆ ಮತ್ತು ಜೋಡಣೆ

2–3 ಎಚ್‌ಪಿ ಕಂಪ್ರೆಸರಿಗೆ ಅರ್ಧ ಇಂಚು ಪೈಪು ಸಾಕು. ಲೈನು ಉದ್ದವಿದ್ದರೆ ಅಥವಾ ಪೇಂಟಿಂಗ್ ಇದ್ದರೆ ಮುಕ್ಕಾಲು ಇಂಚು ಒಳ್ಳೆಯದು.

* ಕಂಪ್ರೆಸರ್ ನಡುಗುವುದರಿಂದ ಅದನ್ನು ಪೈಪಿಗೆ ನೇರ ಕಟ್ಟಬಾರದು. ನಡುವೆ ಬಿಸಿ ತಾಳುವ ಸಣ್ಣ ಹೋಸು ಮತ್ತು ಬಾಲ್ ವಾಲ್ವ್ ಇರಲಿ.
* ಲೈನಿಗೆ 100 ಅಡಿಗೆ 1 ಅಡಿಯಂತೆ ಇಳಿಜಾರು ಕೊಟ್ಟು, ಕೊನೆಯಲ್ಲಿ ನೀರು ಬಿಡಲು ವಾಲ್ವ್ ಇಡಬೇಕು.
* ಕವಲುಗಳನ್ನು ಲೈನಿನ ಮೇಲ್ಭಾಗದಿಂದ ತೆಗೆಯಬೇಕು. ಕೆಳಗಿನಿಂದ ತೆಗೆದರೆ ನೀರು ಟೂಲಿಗೆ ಬರುತ್ತದೆ.
* ಹೊಸ ಲೈನಿನ ತಾಕತ್ತನ್ನು ಗಾಳಿಯಿಂದ ಪರೀಕ್ಷಿಸಬಾರದು. ಟ್ಯಾಂಕಿನಿಂದ ಬಿಡಿಸಿ, ನೀರು ತುಂಬಿ, ಪ್ಲಂಬರುಗಳ ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಕೊಟ್ಟು ನೋಡಬೇಕು. ಆಮೇಲೆ ಗಾಳಿ ಬಿಟ್ಟು ಸೋಪಿನ ನೀರು ಹಚ್ಚಿ ಸೋರಿಕೆ ಹುಡುಕಬೇಕು.
* ಟ್ಯಾಂಕಿನ ನೀರನ್ನು ಪ್ರತಿದಿನ ಬಿಡಬೇಕು. ಸೇಫ್ಟಿ ವಾಲ್ವನ್ನು ಎಂದಿಗೂ ಮುಚ್ಚಬಾರದು.

ಈಗಾಗಲೇ ಪಿವಿಸಿ ಹಾಕಿದ್ದರೆ

ಕಂಪ್ರೆಸರ್ ನಿಲ್ಲಿಸಿ, ಟ್ಯಾಂಕಿನ ಡ್ರೈನ್ ವಾಲ್ವ್ ತೆರೆದು ಗಾಳಿಯೆಲ್ಲ ಹೋಗಲು ಬಿಡಿ. ಮೀಟರ್ ಸೊನ್ನೆಗೆ ಬಂದ ಮೇಲೆಯೇ ಪೈಪು ಮುಟ್ಟಿ. ಹೊಸ ಲೈನು ಬರುವವರೆಗೆ ಹೋಸಿನಿಂದ ಕೆಲಸ ನಡೆಸಬಹುದು. ಒತ್ತಡ ಕಡಿಮೆ ಇಟ್ಟು ಹಳೆಯದನ್ನೇ ಮುಂದುವರಿಸುವುದು ಪರಿಹಾರವಲ್ಲ.

ಒತ್ತಡದಲ್ಲಿ ನಡೆಯುವ ಯಂತ್ರಗಳು ಸುರಕ್ಷಿತ ಮಿತಿ ದಾಟದಂತೆ ನೋಡಿಕೊಳ್ಳಬೇಕೆಂದು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತಿತ್ತು. ಅದು ಕಾರ್ಖಾನೆಗಳಿಗೆ. ಒಬ್ಬಿಬ್ಬರು ದುಡಿಯುವ ಮನೆ ಶೆಡ್ಡಿಗೆ ಇನ್ಸ್‌ಪೆಕ್ಟರ್ ಬರುವುದಿಲ್ಲ, ಹೊಣೆ ಯಜಮಾನನದೇ. ಅಂಗಡಿಗೆ ಹೋದಾಗ ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಸುಮ್ಮನೆ ಪೈಪು ಎಂದು ಕೇಳದೆ, ಏರ್ ಲೈನಿಗೆ, 8 ಕೆ.ಜಿ. ಪ್ರೆಷರಿಗೆ ಎಂದು ಬಿಡಿಸಿ ಹೇಳಿ. ತಣ್ಣಿ ಪೈಪು ತೋಟಕ್ಕೇ ಇರಲಿ.